ಫಲಕ ಮಲಗಿದರೆ ಕತ್ತಲೆ

ನಾಟಕಕ್ಕೆ ಇನ್ನು ಎರಡೇ ದಿನ ಅನ್ನುವಾಗ ಅತ್ತಿಗೆಯ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕೂತರೂ ಮೇಜಿನ ಕೆಳಗೆ ಕಾಲು ತನ್ನ ಪಾಡಿಗೆ ತಾಳ ಹಾಕುತ್ತಿತ್ತು. ಆಚೆಯಿಂದ ಯಾರೋ ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿದೆ ಎಂದು ಕೂಗಾಡುತ್ತಿದ್ದರೆ ಈಕೆ "ನಿಮ್ಮ ದೂರು ದಾಖಲಾಗಿದೆ" ಎನ್ನುತ್ತ ಒಳಗೊಳಗೇ ನಾಟಕದ ಮಾತು ಮೆಲುಕು ಹಾಕುತ್ತಿದ್ದಳು. ಒಮ್ಮೆಯಂತೂ ಬಾಯಿತಪ್ಪಿ ಫೋನಿನಲ್ಲೇ ಹೊರಬಿತ್ತು.

"ನೀವು ಇಲ್ಲಿ ಒಂದು ಪದಕ್ಕೆ ಮೂರು ದಿನ ತಗೊಂಡ್ರಿ. ಆ ಮೂರು ದಿನ ನೀರು ಸುಮ್ನೆ ಕೂತಿರಲಿಲ್ಲ."

ಆಚೆಯವನು, "ಹೂಂ ಕಣಮ್ಮ, ನಮ್ಮ ಮನೇಲೂ ಮೂರು ದಿನ ಆಯ್ತು, ಅದನ್ನೇ ತಾನೆ ಆಗಿಂದ ಹೇಳ್ತಿರೋದು!" ಎಂದು ಫೋನ್ ಕುಕ್ಕಿದ.

ಆಕೆ ಯಾರಿಗೆ ಅತ್ತಿಗೆ ಎಂದು ಕೇಳಬೇಡಿ. ನಾಟಕ ತಂಡಕ್ಕೆಲ್ಲ ಅತ್ತಿಗೆ. ಗಂಡ ತಂಡದ ಅಧ್ಯಕ್ಷ, ಹಿರಿಯ ನಟ, ಎಲ್ಲರ ಬಾಯಲ್ಲೂ ಅಣ್ಣ. ಹಾಗಾಗಿ ಆತನ ಹೆಂಡತಿ ಅತ್ತಿಗೆ. ಮದುವೆಯಾಗಿ ತಂಡಕ್ಕೆ ಬಂದಾಗಿನಿಂದ ಇಪ್ಪತ್ತು ವರ್ಷ ಆಕೆ ರಂಗದ ಮೇಲೆ ತಟ್ಟೆ ಹೊತ್ತಿದ್ದಳು. ರಾಜನ ಆಸ್ಥಾನವಾದರೆ ಹಣ್ಣಿನ ತಟ್ಟೆ, ವಕೀಲರ ಮನೆಯಾದರೆ ಕಾಫಿ ತಟ್ಟೆ, ಆಸ್ಪತ್ರೆಯಾದರೆ ಔಷಧಿ ತಟ್ಟೆ. ಬಂದಳು, ಇಟ್ಟಳು, ಹೋದಳು. ಅಷ್ಟೇ ಪಾತ್ರ. ನಾಟಕ ಶುರುವಾಗುತ್ತದೆ ಎಂದಾಗಲೆಲ್ಲ ಆಕೆಯ ಅಕ್ಕ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಈ ಸಲನಾದ್ರೂ ಮಾತಿದ್ಯೇನೇ, ಇಲ್ಲ ಬರೀ ತಟ್ಟೆನಾ?" ಅಮ್ಮ ಹೋದ ಮೇಲೆ ತಂಗಿಗೆ ಜಡೆ ಹೆಣೆದು, ಶಾಲೆಗೆ ಬಿಟ್ಟು, ಮದುವೆ ಮಾಡಿಸಿದ ಅಕ್ಕ ಅದು. ಆಕೆಗೆ ಸುಳ್ಳು ಹೇಳುವ ಹಾಗಿಲ್ಲ, ನಿಜ ಹೇಳಲು ಮನಸ್ಸಿಲ್ಲ.

ಈ ಸಲ ಮಾತಿತ್ತು! ಅದೂ ಒಂದೂವರೆ ಪುಟ. ಬೆಪ್ಪುನಗೆ ನಗುತ್ತ ಅಕ್ಕನಿಗೆ ಆಕೆಯೇ ಮೊದಲು ಫೋನ್ ಮಾಡಿ ಹೇಳಿದ್ದಳು. ಅಕ್ಕ ಆ ಕಡೆ ಮೂಗು ಒರೆಸಿಕೊಂಡು, "ಮುಂದಿನ ಸಾಲಲ್ಲೇ ಕೂರ್ತೀನಿ. ನಮ್ಮ ಮಹಡಿಯವರನ್ನೆಲ್ಲ ಕರ್ಕೊಂಡು ಬರ್ತೀನಿ" ಎಂದಳು.

ನಾಟಕ ಏನೆಂದರೆ, ಭೂಮಿ ಬಿಸಿಯಾಗುತ್ತಿದೆ, ಏನು ಮಾಡೋಣ ಎಂದು ದೇಶದೇಶದವರು ಒಂದು ಉದ್ದ ಮೇಜಿನ ಸುತ್ತ ಕೂತು ಕಿತ್ತಾಡುವುದು. ಯಾವ ದೇಶಕ್ಕೂ ಹೆಸರಿಲ್ಲ. ದೊಡ್ಡ ದೇಶ, ಎಣ್ಣೆ ದೇಶ, ಕಾಡಿನ ದೇಶ, ಹೀಗೆ. ಅತ್ತಿಗೆ ದ್ವೀಪ. ಪ್ರತಿಯೊಬ್ಬರ ಮುಂದೆಯೂ ದೇಶದ ಹೆಸರಿನ ಒಂದು ಮರದ ಫಲಕ ಮಲಗಿರುತ್ತದೆ. ಮಾತು ಬೇಕಾದವರು ಅದನ್ನು ನೆಟ್ಟಗೆ ನಿಲ್ಲಿಸಬೇಕು. ನಿಂತ ಫಲಕವನ್ನು ಅಧ್ಯಕ್ಷರು ಕಂಡರೆ ಮಾತಿಗೆ ಅವಕಾಶ ಕೊಡಲೇಬೇಕು; ಕಾಣದಿದ್ದರೆ ಕೊಡಬೇಕಾಗಿಲ್ಲ. ಆದ್ದರಿಂದ ಆ ನಾಟಕದ ಸಭೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಿದ್ಯೆ ಅಂದರೆ ಕಾಣದಿರುವುದು. ಕೊನೆಗೆ ಅಧ್ಯಕ್ಷರು "ಎಲ್ಲರಿಗೂ ಒಪ್ಪಿಗೆ ತಾನೆ?" ಎಂದು ಕೇಳಿ ಮರದ ಸುತ್ತಿಗೆ ಬಡಿದರೆ ತೀರ್ಮಾನ ಆದಹಾಗೆ. ದ್ವೀಪದ ಫಲಕವನ್ನು ಬಡಗಿ ಉಳಿದ ತುಂಡಿನಲ್ಲಿ ಮಾಡಿದ್ದ. ಅದು ತಾನಾಗಿ ನಿಲ್ಲುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಇರಬೇಕು.

ಆ ಅಧ್ಯಕ್ಷರ ಪಾತ್ರ ಅತ್ತಿಗೆಯ ಗಂಡನದ್ದೇ. ಇದಕ್ಕೆ ಆತ ತಾಲೀಮು ಮಾಡಬೇಕಾಗಿರಲಿಲ್ಲ ಬಿಡಿ. ಮನೆಯಲ್ಲಿ ಇರುವುದೇ ಇಬ್ಬರು, ಆದರೂ ಆತ ಪೇಪರಿನಿಂದ ತಲೆಯೆತ್ತದೆ "ಎಲ್ರಿಗೂ ಒಪ್ಪಿಗೆ ತಾನೆ?" ಎಂದೇ ಕೇಳುತ್ತಿದ್ದ. ಎಲ್ರೂ ಅಂದರೆ ಯಾರು? ಅವಳೊಬ್ಬಳೇ. ಹಾಗೆ ಕೇಳಿಕೇಳಿಯೇ ಮನೆ ಬದಲಾಗಿತ್ತು, ಹಾಗೆ ಕೇಳಿಯೇ ಅಡುಗೆಮನೆಯ ಒಂದೇ ಒಂದು ಕಿಟಕಿಯನ್ನು ಮುಚ್ಚಿ ಅಲ್ಲಿ ಆತನ ಪ್ರಶಸ್ತಿಗಳ ಕಪಾಟು ನಿಂತಿತ್ತು. ಅಂದಿನಿಂದ ಅಡುಗೆಮನೆ ಅಂದರೆ ಕಾದ ಹೆಂಚು. ಕೆಟ್ಟವನಲ್ಲ ಆತ, ಹೊಡೆದವನಲ್ಲ, ಬೈದವನಲ್ಲ, ಜ್ವರ ಬಂದರೆ ಪಕ್ಕದಲ್ಲೇ ಕೂತು ಹಣೆ ಒತ್ತುವವನು. ನೋಡುತ್ತಿರಲಿಲ್ಲ, ಅಷ್ಟೇ.

ಅತ್ತಿಗೆ ಆ ಕಾದ ಅಡುಗೆಮನೆಯಲ್ಲೇ ಮಾತು ಕಲಿತಳು. ತರಕಾರಿ ಹೆಚ್ಚುವ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡು, ಒಲೆಯ ಮೇಲಿನ ಪಾತ್ರೆಗೆ "ಅಧ್ಯಕ್ಷರೇ" ಎನ್ನುವಳು. ಇಡೀ ಒಂದೂವರೆ ಪುಟದಲ್ಲಿ ಆಕೆಗೆ ಗಂಟಲು ಕಟ್ಟುತ್ತಿದ್ದುದು ಒಂದು ಸಾಲಿಗೆ: "ಸುಟ್ಟವರು ನೀವು, ಬೆಂದವರು ನಾವು." ಯಾಕೆ ಕಟ್ಟುತ್ತಿತ್ತು ಎಂದು ಆಕೆ ಯೋಚಿಸಲು ಹೋಗಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಇಲ್ಲಿ ಲೈಟ್ ತಾತನ ವಿಷಯ ಹೇಳಲೇಬೇಕು. ರಂಗಮಂದಿರದ ಹಿಂಭಾಗದಲ್ಲಿ, ಮೇಲೆ, ಗಾಜಿನ ಗೂಡಿನೊಳಗೆ ಕೂತು ದೀಪ ಹಾಕಿ ಆರಿಸುವ ಮುದುಕ ಅವನು. ಗೂಡಿನ ಸ್ಪೀಕರ್ ಕೆಟ್ಟು ಯಾವ ಕಾಲವಾಯಿತೋ, ರಿಪೇರಿ ಮಾಡಿಸುತ್ತೇವೆ ಅನ್ನುವ ಮಾತು ಮಾತ್ರ ಚೆನ್ನಾಗಿದೆ. ಹಾಗಾಗಿ ಅವನಿಗೆ ಒಂದಕ್ಷರ ಕೇಳಿಸುವುದಿಲ್ಲ. ಕಣ್ಣಿಗೆ ಕಾಣುವ ಸನ್ನೆಯ ಮೇಲೇ ಅವನ ಕೆಲಸ. ಆ ಮಂದಿರದಲ್ಲಿ ಯಾವ ನಾಟಕವಾದರೂ ಪ್ರತಿ ದೃಶ್ಯದ ಕೊನೆಗೆ ಒಂದು ಸನ್ನೆ ಗೊತ್ತುಮಾಡಿಕೊಳ್ಳಬೇಕು. ಒಬ್ಬರು ಕೊಡೆ ಬಿಚ್ಚಿದರೆ ಬೆಳಕು, ಒಬ್ಬರು ಬಾಗಿಲು ಹಾಕಿದರೆ ಕತ್ತಲೆ. ಈ ನಾಟಕದ ಕೊನೆಯ ಸನ್ನೆ ಅತ್ತಿಗೆಯದು: ದ್ವೀಪದ ಪ್ರತಿನಿಧಿ ಮಾತು ಮುಗಿಸಿ ಫಲಕ ಮಲಗಿಸಿದರೆ ಕತ್ತಲೆ, ನಾಟಕ ಮುಗಿಯಿತು.

ಹೋದ ವಾರದ ತಾಲೀಮಿನಲ್ಲಿ ಮಾತು ಮುಗಿಸಿದ ಅತ್ತಿಗೆ ಫಲಕ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದಳು. ಕಣ್ಣು ತುಂಬಿತ್ತು, ಮಲಗಿಸುವುದು ಮರೆತಿತ್ತು. ದೀಪ ಆರಲೇ ಇಲ್ಲ. ನಿರ್ದೇಶಕ ಮೆಟ್ಟಿಲು ಹತ್ತಿ ಓಡಿಹೋಗಿ ಗಾಜು ಬಡಿದ. ತಾತ ನಿಧಾನಕ್ಕೆ ಬಾಗಿಲು ತೆಗೆದು ಹೇಳಿದ: "ನಂಗೇನಪ್ಪಾ ಗೊತ್ತು? ಫಲಕ ಮಲಗಿದ್ರೆ ಕತ್ತಲೆ. ಮಲಗದಿದ್ರೆ ಬೆಳಗಾಗೋವರೆಗೂ ಬೆಳಕು. ಹಾಗಂತ ತಾನೆ ಮಾತಾಗಿರೋದು?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತಿಗೆಯೂ ನಕ್ಕಳು.

ನಗು ಅಷ್ಟಕ್ಕೇ ಮುಗಿಯಿತು ಅನ್ನಿ. ನಾಟಕದ ಹಿಂದಿನ ದಿನ ಮಧ್ಯಾಹ್ನ ಸಂಪರ್ಕಾಧಿಕಾರಿ ಬಂದ. ರಂಗಮಂದಿರ ಒಂದು ಕಲ್ಲಿದ್ದಲು ವ್ಯಾಪಾರದ ಕಂಪನಿಯದು. ತಂಡಕ್ಕೆ ಬಿಟ್ಟಿಯಾಗಿ ಕೊಡುತ್ತಿದ್ದರು. ಅವರ ಕಡೆಯವನು ಈತ. ಇಸ್ತ್ರಿ ಮಡಿಕೆ ಮುರಿಯದ ಅಂಗಿ, ಬಾಯಿಬಿಟ್ಟರೆ ಬೆಣ್ಣೆ. ಕೂರಲು ಬೇರೆ ಜಾಗವಿಲ್ಲದೆ ಎಲ್ಲರೂ ರಂಗದ ಮೇಲಿನ ಆ ಉದ್ದ ಮೇಜಿಗೇ ಕೂತರು. ಅಧಿಕಾರಿ ಹೋಗಿ ಎಣ್ಣೆ ದೇಶದ ಕುರ್ಚಿಯಲ್ಲೇ ಕೂತ. ಯಾರೂ ಹೇಳಿಕೊಟ್ಟಿರಲಿಲ್ಲ.

"ನಮ್ಮದೇನೂ ಆಕ್ಷೇಪ ಇಲ್ಲ. ಕಲೆ ಕಲೆನೇ. ಒಂದು ಸಣ್ಣ ಸಲಹೆ ಅಷ್ಟೆ" ಎಂದ ಆತ. "ಆ ದ್ವೀಪದ ಮೇಡಂ ಭಾಷಣ ಇದೆಯಲ್ಲ..."

"ಅತ್ತಿಗೆ, ಸ್ವಲ್ಪ ಚಹಾ ತರ್ತೀರಾ?" ಎಂದ ನಿರ್ದೇಶಕ ತಕ್ಷಣ.

ಆಕೆ ಹೋಗಿ ಒಳಗಿನ ಕೋಣೆಯಲ್ಲಿ ಚಹಾ ಇಟ್ಟಳು. ಕುದಿಯುವವರೆಗೆ ನಿಲ್ಲಲಾಗದೆ ಬಾಗಿಲಿಗೂ ಒಲೆಗೂ ಓಡಾಡಿದಳು. ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿ ತರುವಷ್ಟರಲ್ಲಿ ಒಂದೂವರೆ ಪುಟ ಒಂದು ಪುಟವಾಗಿತ್ತು.

"'ಸುಟ್ಟವರು ನೀವು' ಅಂದ್ರೆ ಬೆರಳು ತೋರಿಸಿದ ಹಾಗಾಗುತ್ತೆ, ನೋಡಿ" ಎನ್ನುತ್ತಿದ್ದ ಅಧಿಕಾರಿ. "'ಸುಟ್ಟವರು ನಾವೆಲ್ಲರೂ' ಅಂದ್ರೆ? ವಿಶಾಲವಾಗಿರುತ್ತೆ."

"ವಿಶಾಲವಾಗೇನೋ ಇದೆ" ಎಂದ ನಿರ್ದೇಶಕ, ಪೆನ್ನು ಕಚ್ಚುತ್ತ.

"ಸಕ್ಕರೆ ಕಮ್ಮಿ ಆಯ್ತು ಅನ್ಸುತ್ತೆ" ಎಂದ ಗಂಡ, ಆಕೆಯ ಕಡೆ ನೋಡದೆ ಕಪ್ಪಿನ ಕಡೆ ನೋಡಿ.

ಸಕ್ಕರೆ ಡಬ್ಬಿ ತರುವಷ್ಟರಲ್ಲಿ "ಬೆಂದವರು ನಾವು" ಹೋಗಿ "ಬಿಸಿಯ ಅನುಭವ ಆದವರು" ಬಂದಿತ್ತು. ನೀರು ತಂದಾಗ ಮುಕ್ಕಾಲು ಪುಟ. ಬಿಸ್ಕತ್ತು ತಂದಾಗ ನಾಲ್ಕು ಸಾಲು. ಆ ನಾಲ್ಕು ಸಾಲನ್ನೂ ಅಧಿಕಾರಿ ಓದಿ, ಚೆನ್ನಾಗಿದೆ, ಆದರೆ ಇಷ್ಟೇ ಇಷ್ಟಕ್ಕೆ ಪಾಪ ಆ ಮೇಡಂಗೆ ಯಾಕೆ ತೊಂದರೆ ಎಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ!

ನಿರ್ದೇಶಕನಿಗೆ ಅತ್ತ ದರಿ, ಇತ್ತ ಪುಲಿ. ಮಂದಿರ ಕೈತಪ್ಪಿದರೆ ನಾಳೆ ನಾಟಕ ಬೀದಿಯಲ್ಲಿ. ಆತ ಎದ್ದು, ಕೂತು, ಕೂದಲಲ್ಲಿ ಬೆರಳಾಡಿಸಿ, ಕೊನೆಗೆ ಮುಖ ಅರಳಿಸಿದ. "ಹೀಗೆ ಮಾಡೋಣ. ಅತ್ತಿಗೆ ಫಲಕ ಎತ್ತುತ್ತಾರೆ. ಅಧ್ಯಕ್ಷರು ನೋಡೋದೇ ಇಲ್ಲ. ಸುತ್ತಿಗೆ ಬಡೀತಾರೆ. ಎಲ್ರೂ ಚಪ್ಪಾಳೆ, ಅಪ್ಪುಗೆ. ಅತ್ತಿಗೆ ಫಲಕ ಮಲಗಿಸ್ತಾರೆ. ಕತ್ತಲೆ. ಮಾತೇ ಬೇಡ! ಮೌನ ಇನ್ನೂ ಪವರ್‌ಫುಲ್ಲು ಅಣ್ಣ!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಇದೇ. ಅತ್ತಿಗೆ ಗಂಡನ ಬೆನ್ನ ಹಿಂದೆ ಖಾಲಿ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದಳು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗಂಡ ಹಾಳೆಗಳನ್ನು ಒಟ್ಟುಮಾಡುತ್ತ ಅಭ್ಯಾಸಬಲದಿಂದ ಕೇಳಿಬಿಟ್ಟ.

"ಎಲ್ರಿಗೂ ಒಪ್ಪಿಗೆ ತಾನೆ?"

ಕೇಳಿದ್ದಷ್ಟೇ ಅಲ್ಲ, ಎದುರಿಗೆ ನಾಟಕದ ಸುತ್ತಿಗೆ ಇತ್ತಲ್ಲ, ಕೈ ತಾನಾಗಿ ಅದನ್ನೆತ್ತಿ ಟಕ್ಕೆಂದು ಬಡಿಯಿತು. ಎಲ್ಲರೂ ನಕ್ಕರು. ಅಧಿಕಾರಿ ಎದ್ದು ಕೈಮುಗಿದ. ಅತ್ತಿಗೆಯ ತಟ್ಟೆಯಲ್ಲಿ ಕಪ್ಪುಗಳು ಗಲಗಲ ಅಂದವು, ಯಾರೂ ತಿರುಗಲಿಲ್ಲ.

ಸಂಜೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಆಕೆ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆ. ಬಾಗಿಲ ಬೀಗ ಒಂದೇ ಸಲಕ್ಕೆ ತೆಗೆಯಲು ಬರಲಿಲ್ಲ. ಒಳಗೆ ಬಂದವಳೇ ಚೀಲ ಎಸೆದಳು.

"ನನ್ನನ್ನ ಯಾಕೆ ಕೇಳಲಿಲ್ಲ?"

"ಕೇಳಿದ್ನಲ್ಲ. ಎಲ್ರಿಗೂ ಒಪ್ಪಿಗೆ ತಾನೆ ಅಂತ" ಎಂದ ಆತ, ನಿಜವಾಗಿಯೂ ಆಶ್ಚರ್ಯಪಟ್ಟು.

"ನಾನು ತಟ್ಟೆ ಹಿಡ್ಕೊಂಡಿದ್ದೆ ಕಣ್ರೀ!"

"ಕೈಲಿ ತಟ್ಟೆ ಇತ್ತು. ಬಾಯಿ ಖಾಲಿ ಇತ್ತಲ್ಲ?"

ಆತ ಚುಚ್ಚಲೆಂದು ಹೇಳಿದ್ದಲ್ಲ. ಸುಮ್ಮನೆ ತೋಚಿದ್ದು ಅಂದ. ಆದರೆ ಅದು ಹೋಗಿ ಸರಿಯಾಗಿ ನಾಟಿತು. ಹೌದಲ್ಲ, ಬಾಯಿ ಇತ್ತಲ್ಲ! ಇಪ್ಪತ್ತು ವರ್ಷವೂ ಇತ್ತು. ಕಿಟಕಿ ಮುಚ್ಚುವ ದಿನವೂ ಇತ್ತು. ಆಕೆ ಅಡುಗೆಮನೆಗೆ ಹೋಗಿ ಕಿಟಕಿ ಮುಚ್ಚಿದ ಕಪಾಟಿನ ಬಾಗಿಲಿಗೆ ಹಣೆ ಹಚ್ಚಿ ನಿಂತಳು. ಅದರ ಆಚೆ ಎಲ್ಲೋ ಗಾಳಿ ಇತ್ತು.

ಆಗಲೇ ಅಕ್ಕನ ಫೋನ್. "ಏನೇ, ನಿನ್ನ ಮಾತು ಎಷ್ಟೊತ್ತಿಗೆ ಬರುತ್ತೆ? ನಂಗೆ ಈ ದರಿದ್ರ ಕೆಮ್ಮು ಬೇರೆ. ಆ ಹೊತ್ತಿಗೆ ಸರಿಯಾಗಿ ಕೆಮ್ಮಬಾರದು ಅಂತ ಔಷಧಿ ತಗೊಂಡೇ ಬರ್ತೀನಿ."

ಮಾತಿಲ್ಲ ಅಕ್ಕ, ತೆಗೆದುಬಿಟ್ಟರು ಎಂದು ಹೇಳಬೇಕಿತ್ತು. ಹೇಳಲೆಂದೇ ಉಸಿರು ತೆಗೆದುಕೊಂಡಳು.

"ಕೊನೇಲಿ ಅಕ್ಕ" ಎಂದಳು. "ಎಲ್ಲಕ್ಕಿಂತ ಕೊನೇಲಿ."

"ಹಾಗಾದ್ರೆ ಮಧ್ಯ ಕೆಮ್ಮಿ ಮುಗಿಸಿರ್ತೀನಿ ಬಿಡು" ಎಂದು ಅಕ್ಕ ನಕ್ಕಳು.

ಮರುದಿನ ಕಚೇರಿಗೆ ರಜೆ ಹಾಕಿದ್ದಳು. ರಜೆ ಹಾಕಿ ಮಾಡಿದ್ದೇನು? ಮನೆ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು, ಹೊತ್ತಿಗೆ ಮುಂಚೆ ಹೊರಟು ಮಂದಿರದ ಸುತ್ತ ಒಂದು ಸುತ್ತು ಬಂದಳು. ಮಾತು ಒಳಗೆ ಹೋಗಲೊಲ್ಲದು, ಹೊರಗೆ ಬರಲೊಲ್ಲದು, ಬಾಯಲ್ಲಿ ಬಿಸಿತುಪ್ಪ. ಅದಕ್ಕಿಂತ ಕೆಟ್ಟದ್ದು, ತಿದ್ದಿದ ಸಾಲುಗಳೂ ತಲೆಯಲ್ಲಿ ಉಳಿದುಬಿಟ್ಟಿದ್ದವು. ಸುಟ್ಟವರು ನಾವೆಲ್ಲರೂ. ಬಿಸಿಯ ಅನುಭವ ಆದವರು. ಮೂಲ ಯಾವುದು, ತಿದ್ದಿದ್ದು ಯಾವುದು ಎಂದು ಕಲಸಿಹೋಗಿತ್ತು.

ಬಣ್ಣ ಹಚ್ಚಿಕೊಂಡು ಹೊರಬಂದಾಗ ಮೆಟ್ಟಿಲಲ್ಲಿ ಲೈಟ್ ತಾತ ಸಿಕ್ಕ. ಕೈಯಲ್ಲಿ ಫ್ಲಾಸ್ಕು.

"ಏನೋ ಬದಲಾಯಿಸಿದ್ರಂತಲ್ಲಮ್ಮ ಕೊನೆ ಸೀನು. ನಂಗೆ ಯಾರೂ ಏನೂ ಹೇಳಿಲ್ಲ. ನಿನ್ನ ಸನ್ನೆ ಹಳೇದೇ ತಾನೆ?"

"ಹಳೇದೇ ತಾತ."

"ಫಲಕ ಮಲಗಿದ್ರೆ ಕತ್ತಲೆ?"

"ಹೂಂ."

"ಅಷ್ಟು ಗೊತ್ತಾದ್ರೆ ಸಾಕು ನಂಗೆ" ಎಂದು ಅವನು ಒಂದೊಂದೇ ಮೆಟ್ಟಿಲು ಹತ್ತಿದ. ಆಕೆಯ ತಲೆಯಲ್ಲಿ ಆಗ ಯಾವ ಯೋಚನೆಯೂ ಇರಲಿಲ್ಲ, ಆಣೆಗೂ ಇರಲಿಲ್ಲ.

ಪರದೆ ಎದ್ದಿತು. ಮಂದಿರ ತುಂಬಿತ್ತು. ಮುಂದಿನ ಸಾಲಿನ ಒಂದು ತುದಿಯಲ್ಲಿ ಸಂಪರ್ಕಾಧಿಕಾರಿ, ನಡುವೆ ಅಕ್ಕ, ಅಕ್ಕನ ಎರಡೂ ಕಡೆ ಅವಳ ಮಹಡಿಯ ಹೆಂಗಸರು. ನಾಟಕ ಚೆನ್ನಾಗಿಯೇ ಓಡಿತು. ದೊಡ್ಡ ದೇಶದವನು "ಪ್ರಯತ್ನಿಸುತ್ತೇವೆ" ಅನ್ನುವ ಪದಕ್ಕೆ ಕುಸ್ತಿ ಹಿಡಿದರೆ ಜನ ನಕ್ಕರು. ಎಣ್ಣೆ ದೇಶದವನು "ಸಾಧ್ಯವಾದರೆ" ಎಂದು ಸೇರಿಸಿದರೆ ಅಧಿಕಾರಿಯೂ ನಕ್ಕ. ಅತ್ತಿಗೆ ಮೇಜಿನ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು; ಕಾಲು ಕೆಳಗೆ ತಾಳ ಹಾಕುತ್ತಲೇ ಇತ್ತು. ನಡುನಡುವೆ ಮುಂದಿನ ಸಾಲಿನಿಂದ ಕೆಮ್ಮು ಕೇಳಿಸುತ್ತಿತ್ತು. ಅಕ್ಕ ಕೆಮ್ಮಿ ಮುಗಿಸುತ್ತಿದ್ದಳು.

ಕೊನೆಯ ದೃಶ್ಯ ಬಂತು. ಒಪ್ಪಂದದ ಹಾಳೆ ಮೇಜಿನ ಸುತ್ತ ಒಂದು ಸುತ್ತು ಹೋಗಿ ಅಧ್ಯಕ್ಷರ ಮುಂದೆ ಬಂದು ನಿಂತಿತು. ಅತ್ತಿಗೆ ಫಲಕವನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡಳು. ಗಂಡ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಕೆಯೊಬ್ಬಳನ್ನು ಬಿಟ್ಟು ಎಲ್ಲೆಲ್ಲೂ ನೋಡಿದ. ಎಷ್ಟು ಸಲೀಸಾಗಿ ಬಿಟ್ಟನೆಂದರೆ, ಸಭಿಕರಲ್ಲಿ ಯಾರೋ 'ಛೆ' ಅಂದದ್ದು ಕೇಳಿಸಿತು.

"ಎಲ್ಲರಿಗೂ ಒಪ್ಪಿಗೆ ತಾನೆ?"

ಟಕ್.

ಮೇಜಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು, ಕೈಕುಲುಕಿದರು, ಅಪ್ಪಿಕೊಂಡರು. ಇನ್ನು ಆಕೆ ಫಲಕ ಮಲಗಿಸಬೇಕು, ಕತ್ತಲೆಯಾಗಬೇಕು. ಆಕೆಯ ಕೈ ಅಷ್ಟುಹೊತ್ತಿಗೆ ಅರ್ಧ ಬಾಗಿಯೂ ಇತ್ತು. ಅಷ್ಟರಲ್ಲಿ ಕಣ್ಣು ಮುಂದಿನ ಸಾಲಿಗೆ ಬಿತ್ತು. ಅಕ್ಕ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಕೆಮ್ಮು ಬಾರದಿರಲಿ ಎಂದು. ಪಕ್ಕದವಳಿಗೆ ಆಕೆ ಹೇಳಿದ ಗುಟ್ಟಿನ ಮಾತು ರಂಗದವರೆಗೂ ಬಂತು: "ಸುಮ್ನಿರಿ, ಸುಮ್ನಿರಿ. ಈಗ ಇವಳ ಮಾತು."

ಬಾಗಿದ ಫಲಕ ಮತ್ತೆ ನೆಟ್ಟಗಾಯಿತು.

ಮೊದಲು ಯಾರಿಗೂ ತಿಳಿಯಲಿಲ್ಲ. ದೊಡ್ಡ ದೇಶ ಎಣ್ಣೆ ದೇಶವನ್ನು ಅಪ್ಪಿಕೊಂಡಿದ್ದ, ಬಿಟ್ಟ, ದೀಪ ಆರದ್ದನ್ನು ನೋಡಿ ಮತ್ತೆ ಅಪ್ಪಿಕೊಂಡ. ಕಾಡಿನ ದೇಶದವಳು ಚಪ್ಪಾಳೆ ತಟ್ಟುತ್ತಲೇ ಇದ್ದಳು, ಪಾಪ, ಒಬ್ಬಳೇ. ಯಾರೋ ಖಾಲಿ ಲೋಟ ಎತ್ತಿ ನೀರು ಕುಡಿದ ಹಾಗೆ ಮಾಡಿದರು. ಪಕ್ಕದ ಪರದೆಯ ಮರೆಯಿಂದ ನಿರ್ದೇಶಕ ಹಲ್ಲು ಕಚ್ಚಿ ಪಿಸುಗುಟ್ಟಿದ: "ಮಲಗಿಸಿ ಅತ್ತಿಗೆ! ಮಲಗಿಸಿ!" ಆಮೇಲೆ ಮೇಲಿನ ಗಾಜಿನ ಗೂಡಿಗೆ ಎರಡೂ ಕೈ ಬೀಸಿದ. ಆದರೆ ಅವನು ನಿಂತ ಮರೆ ಗೂಡಿಗೆ ಕಾಣುವ ಜಾಗವಲ್ಲ. ಮಾತು ತೆಗೆದರು, ಸಾಲು ತೆಗೆದರು, ಪದ ತೆಗೆದರು, ಬುದ್ಧಿವಂತರು! ಕೊನೆಯ ಸನ್ನೆ ಯಾರ ಕೈಯಲ್ಲಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಚಿಂತೆ ಮಾಡುತ್ತಿರಲಿಲ್ಲ. ಅತ್ತಿಗೆ ತಾನೆ, ಮಲಗಿಸುತ್ತಾಳೆ ಬಿಡಿ.

ಚಪ್ಪಾಳೆ ಸತ್ತುಹೋಯಿತು. ಅಪ್ಪಿಕೊಂಡವರು ಕೈ ಬಿಟ್ಟು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗೆ ಬಂದು ಕೂತರು. ಬೇರೆ ಏನು ಮಾಡುತ್ತಾರೆ? ಅಧಿಕಾರಿ ಕಾಲ ಮೇಲಿಂದ ಕಾಲು ತೆಗೆದು ನೆಲಕ್ಕೂರಿದ. ಆಕೆಯ ಕೈಯಲ್ಲಿ ಗಿಡ್ಡ ಫಲಕ ಮೇಜಿನ ಮೇಲೆ ಟಕಟಕ ಅನ್ನುತ್ತಿತ್ತು, ಇಡೀ ಮಂದಿರದಲ್ಲಿ ಅದೊಂದೇ ಶಬ್ದ. ಏನು ಮಾಡಿಬಿಟ್ಟೆ ಎಂದು ಆಕೆಗೆ ಆಗ ಹೊಳೆಯಿತು. ನಾಳೆ ಈ ಮಂದಿರ ಇಲ್ಲ, ತಂಡ ಇಲ್ಲ, ಮನೆಯಲ್ಲಿ ಏನು ಕಾದಿದೆಯೋ ಅದೂ ಗೊತ್ತಿಲ್ಲ. ಮಲಗಿಸಿಬಿಡಲೇ? ಮಲಗಿಸಿದರೆ ಎಲ್ಲ ಸರಿಹೋಗುತ್ತದೆ. ಇಷ್ಟು ವರ್ಷ ಹಾಗೇ ತಾನೆ ಸರಿಹೋಗಿದ್ದು.

ಗಂಡ ಮೇಲೆ ನೋಡಿದ, ದೀಪ ಆರಲಿಲ್ಲ. ಹಾಳೆ ಜೋಡಿಸಿದ, ಮತ್ತೆ ಜೋಡಿಸಿದ. ಸುತ್ತಿಗೆ ಎತ್ತಿ ಇನ್ನೊಮ್ಮೆ ಟಕ್ಕೆನಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನ್ನು ನೋಡಲು ಎಲ್ಲೂ ಜಾಗ ಉಳಿದಿರಲಿಲ್ಲ. ಆತ ನಿಧಾನಕ್ಕೆ ಕತ್ತು ತಿರುಗಿಸಿ ಆಕೆಯನ್ನು ನೋಡಿದ.

ನೋಡಿದ, ಅಂದರೆ ನಿಜವಾಗಿ ನೋಡಿದ. ಫಲಕ, ಅದನ್ನು ಹಿಡಿದ ಕೈ, ಮಣಿಕಟ್ಟಿನ ಮೇಲಿನ ಹಳೆಯ ಸುಟ್ಟ ಕಲೆ, ಆಮೇಲೆ ಮುಖ. ಆತನ ಬಾಯಿಂದ ಅಧ್ಯಕ್ಷರ ದನಿಯೇ ಹೊರಟಿತು, ಆದರೆ ಗಟ್ಟಿಯಿರಲಿಲ್ಲ.

"ದ್ವೀಪದ ಪ್ರತಿನಿಧಿಗಳೇ, ಸಭೆ ಮುಗಿದಿದೆ. ದಯವಿಟ್ಟು ಫಲಕ ಮಲಗಿಸಿ."

"ಮಲಗಿಸೋದಿಲ್ಲ" ಎಂದಳು ಆಕೆ.

ಮುಂದಿನ ಸಾಲಿನಲ್ಲಿ ಅಕ್ಕ ಸೆರಗಿನೊಳಗೇ ಬಿಕ್ಕಿದಳು. ಒಂದೇ ಒಂದು ಮಾತು, ಆದರೂ ಮಾತು! ಮುಂದೆ ಏನು ಹೇಳಬೇಕೋ ಆಕೆಗೆ ಗೊತ್ತಿರಲಿಲ್ಲ. ಒಂದೂವರೆ ಪುಟವೂ ಎಲ್ಲಿಗೋ ಓಡಿಹೋಗಿತ್ತು. ನಾವೆಲ್ಲರೂ, ಅನುಭವ, ಸಾಧ್ಯವಾದರೆ, ಪ್ರಯತ್ನಿಸುತ್ತೇವೆ, ಬರೀ ಅವರ ಪದಗಳೇ ಬಾಯಿಗೆ ಬಂದು ಮುತ್ತುತ್ತಿದ್ದವು. ಆಕೆ ತುಟಿ ಬಿಗಿಹಿಡಿದು ಗಂಡನನ್ನೇ ನೋಡುತ್ತ ಕೂತಳು.

ಆತ ಸುತ್ತಿಗೆಯನ್ನು ಪಕ್ಕಕ್ಕಿಟ್ಟ. ಮೈಕಿನಿಂದ ಸ್ವಲ್ಪ ಹಿಂದೆ ಸರಿದ. ಅಧ್ಯಕ್ಷರ ದನಿ ಹೋಗಿ ಮನೆಯ ದನಿ ಬಂದಿತ್ತು.

"ಯಾಕೆ?" ಎಂದು ಕೇಳಿದ.

ಇಪ್ಪತ್ತು ವರ್ಷದಲ್ಲಿ ಆತ ಕೇಳಿದ ಮೊದಲ ಯಾಕೆ ಅದು. ಒಪ್ಪಿಗೆ ತಾನೆ ಎಂದಲ್ಲ, ಯಾಕೆ ಎಂದು. ಮುಚ್ಚಿದ ಕಿಟಕಿ, ಕಾದ ಹೆಂಚಿನಂಥ ಅಡುಗೆಮನೆ, ಹಲಗೆ ಹಿಡಿದು ಪಾತ್ರೆಗೆ ಹೇಳಿದ ಮಾತು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಆ ಸಾಲು ಅಲ್ಲೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

"ಸುಟ್ಟವರು ನೀವು" ಎಂದಳು ಅತ್ತಿಗೆ. "ಬೆಂದವರು ನಾವು. ಅದಕ್ಕೆ."

ಆತ ಕಣ್ಣು ತೆಗೆಯಲಿಲ್ಲ. ಆಕೆಯೂ ತೆಗೆಯಲಿಲ್ಲ. ಮೇಲೆ ಗಾಜಿನ ಹಿಂದೆ ಲೈಟ್ ತಾತ ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿಕೊಂಡು, ಕಾಲು ಚಾಚಿ, ರಂಗದ ಮೇಲೆ ಕಣ್ಣಿಟ್ಟು ಕೂತ. ಅವನಿಗೆ ಇನ್ನೂ ಸನ್ನೆ ಸಿಕ್ಕಿರಲಿಲ್ಲ.